ಹಳೆಯ ನಹ್ವಾಟಲ್ ವ್ಯಾಕರಣ: ಓಲ್ಮೋಸ್, ಮೊಲಿನಾ, ಕರೋಚಿ
ಮೆಕ್ಸಿಕೋದ ನಹ್ವಾಟಲ್ ಭಾಷೆಗೆ ಓಲ್ಮೋಸ್ (1547), ಮೊಲಿನಾ (1571), ಕರೋಚಿ (1645) ಎಂಬ ಪಾದ್ರಿಗಳು ಸ್ಪ್ಯಾನಿಷ್‌ನಲ್ಲಿ ಬರೆದ ವ್ಯಾಕರಣಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಓದುವ ಉದ್ದೇಶಕ್ಕೆ ಬಿಟ್ಟದ್ದು. ಉಚ್ಚಾರಣೆ ಮುಖ್ಯವೆನ್ನುವವರಿಗೆ ಕರೋಚಿಯೇ ಸರಿ: ಫ್ಲಾರೆನ್ಸ್‌ ಮೂಲದ ಈ ಜೆಸ್ಯೂಟ್ ಪಾದ್ರಿ ದೀರ್ಘಸ್ವರವನ್ನೂ ಗಂಟಲ ತಡೆಯನ್ನೂ (ಗಂಟಲಲ್ಲಿ ಉಸಿರನ್ನು ಕ್ಷಣಕಾಲ ತಡೆದು ಹೊರಡಿಸುವ ಧ್ವನಿ) ಚಿಹ್ನೆಗಳಿಂದ ಗುರುತಿಸುವುದರಿಂದ, ‘ಸುಡು’ ಎಂಬರ್ಥದ ತ್ಲತಿಯಾ ಮತ್ತು ‘ಬಚ್ಚಿಡು’ ಎಂಬರ್ಥದ ತ್ಲಾತಿಯಾ ಬೇರೆಬೇರೆಯಾಗಿ ಕಾಣುತ್ತವೆ, ಹ್ರಸ್ವ-ದೀರ್ಘಗಳ ನಡುವೆಯೇ ಬೆಳೆದ ಕನ್ನಡಿಗರಿಗೆ ಇದು ಸಣ್ಣ ಅನುಕೂಲವೇನಲ್ಲ. ಲಾಕ್‌ಹಾರ್ಟ್ ಅವರ 2001ರ ಇಂಗ್ಲಿಷ್ ಅನುವಾದವಿರುವುದರಿಂದ ಸ್ಪ್ಯಾನಿಷ್ ಬಾರದವರಿಗೂ ಅದೇ ಸುಲಭ. ಹಿರಿಯರ ಹಿತನುಡಿ, ರೂಪಕಗಳಲ್ಲಿ ಒಲವುಳ್ಳವರು 1875ರವರೆಗೆ ಹಸ್ತಪ್ರತಿಯಾಗಿಯೇ ಉಳಿದಿದ್ದ ಓಲ್ಮೋಸ್‌ನತ್ತ ಹೋಗಬಹುದು. ಮೊಲಿನಾನ ವ್ಯಾಕರಣ ಒಂಟಿಯಾಗಿ ತುಸು ತೆಳುವೆಂದೇ ನನ್ನ ಅನಿಸಿಕೆ. ಆದರೆ ಅದೇ ವರ್ಷ ಅಚ್ಚಾದ ಅವನದೇ ದೊಡ್ಡ ನಿಘಂಟಿನೊಡನೆ, 16ನೆಯ ಶತಮಾನದ ದಾಖಲೆಗಳನ್ನು ಓದುವವರಿಗೆ ಅದು ಚೆನ್ನಾಗಿ ಒದಗುತ್ತದೆ.