ಹಳೇ ಮಿಲ್ಲಿಂಗ್ ಮೆಷಿನ್‌ನ ಸ್ಲಾಟಿಂಗ್ ಅಟ್ಯಾಚ್‌ಮೆಂಟ್: ಕೊಳ್ಳಬಹುದು, ರ್ಯಾಮ್ ಅಲುಗಾಡಿಸಿ ನೋಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಲೇತ್ ಶಾಪ್‌ಗಳಿಗೆ ಕೀವೇ (ಕೀ ಕೂರಿಸಲು ತೂತಿನ ಒಳಗೋಡೆಯಲ್ಲಿ ಕೊರೆಯುವ ನೇರ ಕಾಲುವೆ) ಕೆಲಸ ಬಿಡಿಬಿಡಿಯಾಗಿ ಬರುತ್ತದೆ: ಅಡಿಕೆ ಸುಲಿಯುವ ಯಂತ್ರದ ಪುಲ್ಲಿ, ಗಾಣದ ಗೇರ್, ಅಕ್ಕಿ ಗಿರಣಿಯ ಕಪ್ಲಿಂಗ್. ಇಷ್ಟಕ್ಕೆ ಪ್ರತ್ಯೇಕ ಸ್ಲಾಟಿಂಗ್ ಮೆಷಿನ್ ಹಾಕುವುದು ದಂಡ. ಹಳೇ ಎಚ್‌ಎಂಟಿ ಮಿಲ್ಲಿಂಗ್ ಮೆಷಿನ್ ಇದ್ದವರಿಗೆ ಅದರ ಕಾಲಮ್ ಮುಖಕ್ಕೆ ಕೂರುವ ಸೆಕೆಂಡ್‌ಹ್ಯಾಂಡ್ ಸ್ಲಾಟಿಂಗ್ ಅಟ್ಯಾಚ್‌ಮೆಂಟ್ ಸಾಕು: ಸ್ಪಿಂಡಲ್ ತಿರುಗುವುದನ್ನು ಅದು ಕ್ರ್ಯಾಂಕ್ ಪಿನ್ ಮೂಲಕ ಟೂಲ್ ಹಿಡಿದ ರ್ಯಾಮ್‌ನ ಮೇಲೆ-ಕೆಳಗಿನ ಓಟವಾಗಿ (ಸ್ಟ್ರೋಕ್) ಬದಲಿಸುತ್ತದೆ. ಕೆಟ್ಟಿದೆಯೆಂದು ಮೂಲೆ ಸೇರಿರುವ ಎಷ್ಟೋ ಅಟ್ಯಾಚ್‌ಮೆಂಟ್‌ಗಳಲ್ಲಿ ಕೆಟ್ಟಿರುವುದು ಒಂದು ಬುಷ್ (ಪಿನ್ ತಿರುಗುವ ಲೋಹದ ಬಳೆ) ಮಾತ್ರ, ಇಲ್ಲವೇ ಜಿಬ್ (ರ್ಯಾಮ್‌ನ ಸಡಿಲ ಹೊಂದಿಸುವ ಪಟ್ಟಿ) ಸಡಿಲ.

ಸ್ಟ್ರೋಕಿನ ಮೇಲೆ, ಕೆಳಗೆ ಎರಡೂ ತುದಿಯಲ್ಲಿ ಟಕ್ ಎಂದರೆ ಕ್ರ್ಯಾಂಕ್ ಪಿನ್ ಬುಷ್ ಸವೆದಿದೆ. ಮೇನ್ ಆಫ್ ಮಾಡಿ, ಗೇರ್ ಹಾಕಿ ಸ್ಪಿಂಡಲ್ ಅಲುಗದಂತೆ ಹಿಡಿಸಿ, ರ್ಯಾಮ್ ತಳಕ್ಕೆ ಡಯಲ್ (ಸೂಕ್ಷ್ಮ ಅಲುಗಾಟ ಅಳೆಯುವ ಗೇಜ್) ಮುಟ್ಟಿಸಿ ಕೈಯಿಂದ ಮೇಲೆ-ಕೆಳಗೆ ಅಲುಗಾಡಿಸಿ. 0.1 ಮಿ.ಮೀ. ದಾಟಿದರೆ ಹೊಸ ಗನ್‌ಮೆಟಲ್ ಬುಷ್ ಹಾಕಿ. 20 ಮಿ.ಮೀ. ಪಿನ್ನಿಗೆ 0.02ರಿಂದ 0.04 ಸಡಿಲ ಬೇಕು. ಎಣ್ಣೆ ತೂತು ಮರೆಯಬೇಡಿ. ಪಿನ್ ಅಂಡಾಕಾರವಾಗಿದ್ದರೆ ಬುಷ್ ಬದಲಿಸಿ ಪ್ರಯೋಜನವಿಲ್ಲ, ಪಿನ್ನನ್ನೂ ಗ್ರೈಂಡ್ ಮಾಡಿಸಬೇಕು.

ಹೆಚ್ಚು ತಲೆಕೆಡಿಸುವುದು ಕೀವೇ ಟೇಪರ್, ಅಂದರೆ ಕೀವೇ ಮೇಲಿಂದ ಕೆಳಗೆ ಒಂದೇ ಸಮ ಬಾರದಿರುವುದು. ತಿರುಗುವ ತಳದ ಮೇಲಿನ ಡಿಗ್ರಿ ಗೆರೆ ನಂಬಬೇಡಿ. ಟೇಬಲ್ ಮೇಲೆ ಮಟ್ಟಸ ಚೌಕ ಇಟ್ಟು, ಟೂಲ್ ಜಾಗಕ್ಕೆ ಡಯಲ್ ಕಟ್ಟಿ, ಸ್ಪಿಂಡಲ್ ಕೈಯಲ್ಲೇ ತಿರುಗಿಸುತ್ತ ರ್ಯಾಮ್ ಇಳಿಸಿ. ಮುಂದೆ-ಹಿಂದೆ, ಎಡ-ಬಲ ಎರಡೂ ದಿಕ್ಕಿನಲ್ಲಿ 50 ಮಿ.ಮೀ.ಗೆ 0.02ರೊಳಗೆ ಬರಲಿ. ಡಯಲ್ ನೆಟ್ಟಗಿದ್ದೂ ಕೆಳಗಡೆ ಆಳ ಕಮ್ಮಿಯಾಗುತ್ತಿದ್ದರೆ ದೋಷ ಅಟ್ಯಾಚ್‌ಮೆಂಟಿನದ್ದಲ್ಲ, ಟೂಲ್ ಬಾಗುತ್ತಿದೆ. ಪರಿಹಾರ: ಬೋರ್ (ಜಾಬಿನ ತೂತು) ಬಿಡುವಷ್ಟು ದಪ್ಪ ಶ್ಯಾಂಕ್ (ಟೂಲಿನ ಕಾಂಡ), ಕಡಿಮೆ ಹೊರಚಾಚು, ಕೊನೆಗೆ ಫೀಡ್ ಕೊಡದೆ (ಆಳ ಹೆಚ್ಚಿಸದೆ) ಮೂರ್ನಾಲ್ಕು ಸ್ಟ್ರೋಕ್. ಜಿಬ್ ಬಿಗಿಯುವಾಗಲೂ ಜಾಗ್ರತೆ: ರ್ಯಾಮ್ ನಡುಭಾಗ ಹೆಚ್ಚು ಸವೆದಿರುತ್ತದೆ. ಅಲ್ಲಿ ಹಿತವಾಗಿ ಬಿಗಿದದ್ದು ತುದಿಯಲ್ಲಿ ಕಚ್ಚಿಕೊಳ್ಳುತ್ತದೆ. ಪೂರ್ತಿ ಸ್ಟ್ರೋಕ್ ಕೈಯಲ್ಲಿ ತಿರುಗಿಸಿ ನೋಡಿದ ಮೇಲೆಯೇ ಲಾಕ್‌ನಟ್.

ಹೆಚ್ಚಿನವುಗಳಲ್ಲಿ ಸ್ಪಿಂಡಲ್ ಒಂದು ಸುತ್ತಿಗೆ ಒಂದು ಸ್ಟ್ರೋಕ್. ಪಿನ್ ನಡುವಿನಿಂದ 25 ಮಿ.ಮೀ. ಸರಿದರೆ ಸ್ಟ್ರೋಕ್ 50. ನಿಮಿಷಕ್ಕೆ 60 ಸುತ್ತಿನಲ್ಲಿ ಗರಿಷ್ಠ ವೇಗ ನಿಮಿಷಕ್ಕೆ ಸುಮಾರು 9.4 ಮೀಟರ್, ಮೈಲ್ಡ್ ಸ್ಟೀಲ್‌ಗೆ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಇದ್ದರೆ ಇಷ್ಟೇ ಸಾಕು. ಫೀಡ್ ಸ್ಟ್ರೋಕಿಗೆ 0.05ರಿಂದ 0.1. 25 ಅಥವಾ 30 ಮಿ.ಮೀ. ಬೋರಿಗೆ 8 ಮಿ.ಮೀ. ಅಗಲದ ಕೀ, ಹಬ್‌ನಲ್ಲಿ 3.3 ಆಳ.

ದೊಡ್ಡ ಅನಾಹುತ ಮಾತ್ರ ಒಂದೇ: ಟೂಲ್ ಟೇಬಲ್ಲಿಗೆ ಗುದ್ದುವುದು. ಜಾಬ್ ಅಡಿಗೆ ಪ್ಯಾರಲಲ್ (ಸಮದಪ್ಪದ ಉಕ್ಕಿನ ಪಟ್ಟಿ) ಕೊಟ್ಟು, ಟೂಲ್ 8-10 ಮಿ.ಮೀ. ಹೊರಬಂದರೂ ಕೆಳಗೆ ಜಾಗ ಉಳಿಯುವಂತೆ ಇಡಿ. ಕ್ರ್ಯಾಂಕ್ ಪಿನ್ ನಟ್ ಸಡಿಲಾದರೆ ಕೆಲಸದ ನಡುವೆಯೇ ಸ್ಟ್ರೋಕ್ ಬದಲಾಗಿಬಿಡುತ್ತದೆ, ಪ್ರತಿ ಜಾಬಿಗೂ ಸ್ಪ್ಯಾನರ್ ಹಾಕಿ ನೋಡಿ.

ಮಲೆನಾಡಿನ ಮಳೆಗಾಲದಲ್ಲಿ ಬಿಚ್ಚಿಟ್ಟ ಅಟ್ಯಾಚ್‌ಮೆಂಟಿನ ರ್ಯಾಮ್ ಬೇಗ ತುಕ್ಕು ಹಿಡಿಯುತ್ತದೆ. 68 ಗ್ರೇಡಿನ ಸ್ಲೈಡ್‌ವೇ ಎಣ್ಣೆ ಬಳಿದು, ಎಣ್ಣೆ ಕಾಗದ ಸುತ್ತಿ, ನೆಲದ ಬದಲು ಮರದ ಹಲಗೆ ಮೇಲಿಡಿ.

ಬುಷ್, ಜಿಬ್ ಹೋಗಿದ್ದರೆ ಚೌಕಾಸಿ ಮಾಡಿ ಧೈರ್ಯವಾಗಿ ಕೊಳ್ಳಿ. ಡವ್‌ಟೇಲ್‌ನಲ್ಲಿ (ರ್ಯಾಮ್ ಜಾರುವ ಓರೆ ಹಾದಿ) ಬಿರುಕಿದ್ದರೆ, ಅಥವಾ ನಿಮ್ಮ ಕಾಲಮ್ ಬೋಲ್ಟ್ ತೂತುಗಳಿಗೂ ಸ್ಪಿಂಡಲ್ ಮೂತಿಗೂ ಅದು ಹೊಂದದಿದ್ದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.