ರ‍್ಯಾಬಿಟ್‌ಎಂಕ್ಯೂ 4: ಮೂರು ಸರ್ವರ್ ಇದ್ದರೂ ಕೋರಂ ಬೇಕು

ಓಟಿಪಿ, ಆರ್ಡರ್ ಎಸ್ಸೆಮ್ಮೆಸ್, ಚಾಟ್ ನೋಟಿಫಿಕೇಷನ್ ಕಳಿಸುವ ಯಾವ ಸೇವೆಯೇ ಆಗಲಿ, ಅದರ ಹಿಂದೆ ಸಂದೇಶಗಳು ಸರದಿಯಲ್ಲಿ ಕಾಯುವ ಒಂದು ಜಾಗ ಇದ್ದೇ ಇರುತ್ತದೆ. ಆ ಜಾಗ ನಿಂತರೆ ಎಲ್ಲವೂ ನಿಂತಂತೆ. ಅದನ್ನು ಒಂದೇ ಸರ್ವರ್ ಮೇಲೆ ಬಿಡಲು ಧೈರ್ಯವಿಲ್ಲದವರು ಸಾಮಾನ್ಯವಾಗಿ ಮೊದಲು ನೋಡುವುದು ರ‍್ಯಾಬಿಟ್‌ಎಂಕ್ಯೂ ಕಡೆಗೆ. ಸಂದೇಶಗಳ ಸರದಿ ನಡೆಸುವ ತಂತ್ರಾಂಶ ಇದು; 2007ರಲ್ಲಿ ಬಂದದ್ದು, ಅರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಎಂಪಿಎಲ್ 2.0 ಪರವಾನಗಿ, ದುಡ್ಡು ಕೊಡಬೇಕಾಗಿಲ್ಲ. ಒಡೆತನ ಕೈಯಿಂದ ಕೈಗೆ ದಾಟಿ 2023ರ ಕೊನೆಯಿಂದ ಬ್ರಾಡ್‌ಕಾಮ್ ಬಳಿ ಇದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: 4ನೇ ಸರಣಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಇನ್‌ಸ್ಟಾಲ್ ಆದ ಸ್ಥಿತಿಯಲ್ಲೇ ಬಿಟ್ಟರೆ ಮೂರು ಸರ್ವರ್‌ಗೆ ಬಾಡಿಗೆ ಕಟ್ಟಿ ಒಂದು ಸರ್ವರ್‌ನಷ್ಟೇ ಭದ್ರತೆ ಪಡೆದ ಹಾಗಾಗುತ್ತದೆ.

ಯಾಕೆಂದರೆ ಸರ್ವರ್‌ಗಳನ್ನು (ಇಲ್ಲಿ ಅವುಗಳ ಹೆಸರು ನೋಡ್) ಜೋಡಿಸಿ ಕ್ಲಸ್ಟರ್, ಅಂದರೆ ಒಂದು ಗುಂಪು, ಮಾಡಿದ ಕೂಡಲೇ ನೋಡ್‌ಗಳ ನಡುವೆ ಹಂಚಿಕೆಯಾಗುವುದು ಬಳಕೆದಾರರು, ಎಕ್ಸ್‌ಚೇಂಜ್‌ಗಳು (ಸಂದೇಶವನ್ನು ಸರಿಯಾದ ಕ್ಯೂಗೆ ದಾಟಿಸುವವು), ಬೈಂಡಿಂಗ್‌ಗಳು (ಯಾವ ಕ್ಯೂಗೆ ಎಂದು ಹೇಳುವ ಜೋಡಣೆ), ಕ್ಯೂಗಳ, ಅಂದರೆ ಸರದಿಗಳ, ಹೆಸರು. ಕ್ಯೂ ಒಳಗಿನ ಸಂದೇಶ ಹಂಚಿಕೆಯಾಗುವುದಿಲ್ಲ. ವಿಶೇಷವಾಗಿ ಏನೂ ಹೇಳದೆ ಕ್ಯೂ ಸೃಷ್ಟಿಸಿದರೆ ಅದು ಕ್ಲಾಸಿಕ್ ಕ್ಯೂ. ಅದರ ಸಂದೇಶಗಳು ಒಂದೇ ನೋಡ್‌ನಲ್ಲಿರುತ್ತವೆ. ಮ್ಯಾನೇಜ್‌ಮೆಂಟ್ ಪುಟದಲ್ಲಿ ಮೂರೂ ನೋಡ್ ಹಸಿರಾಗಿ ಕಾಣುತ್ತವೆ, ನೋಡಿದವರು ನೆಮ್ಮದಿಯಾಗಿ ಮಲಗುತ್ತಾರೆ. ಕ್ಯೂ ಇರುವ ಆ ಒಂದು ನೋಡ್ ಕೈಕೊಟ್ಟ ದಿನ ಉಳಿದೆರಡು ಬರೀ ಸಾಕ್ಷಿಗಳು.

ಹಳೆಯ ಟ್ಯುಟೋರಿಯಲ್‌ಗಳು ಇದಕ್ಕೆ ಹೇಳುವ ಮದ್ದು ಮಿರರ್ಡ್ ಕ್ಯೂ (ಕ್ಯೂವಿನ ಪ್ರತಿಯನ್ನು ಬೇರೆ ನೋಡ್‌ಗಳಲ್ಲೂ ಇಡುವುದು), ಅಂದರೆ ಪಾಲಿಸಿಯಲ್ಲಿ ಎಚ್‌ಎ-ಮೋಡ್ ಎಂದು ಬರೆಯುವುದು. ಈಗ ಅದನ್ನು ಹುಡುಕಲೇಬೇಡಿ. 4.0 ಆವೃತ್ತಿಯಲ್ಲಿ ಅದನ್ನು ಪೂರ್ತಿ ಕಿತ್ತುಹಾಕಿದ್ದಾರೆ, ಹಾಕಿದ್ದೂ ಒಳ್ಳೆಯದೇ ಆಯಿತು. ಬಿದ್ದು ಎದ್ದ ನೋಡ್‌ನಲ್ಲಿ ಮಿರರ್ ಖಾಲಿಯಾಗಿ ಬರುತ್ತಿತ್ತು. ಅದನ್ನು ತುಂಬಿಸಲು ಸಿಂಕ್ ಶುರುಮಾಡಿದರೆ ಸಿಂಕ್ ಮುಗಿಯುವ ತನಕ ಆ ಕ್ಯೂ ಅಲ್ಲಾಡುತ್ತಿರಲಿಲ್ಲ. ಸಿಂಕ್ ಆಗದ ಮಿರರ್ ಯಜಮಾನನ, ಅಂದರೆ ಮೂಲ ಕ್ಯೂವಿನ, ಜಾಗಕ್ಕೆ ಬಂದರೆ ಸಂದೇಶ ಹೋದಂತೆಯೇ.

ಅದರ ಜಾಗಕ್ಕೆ ಬಂದದ್ದು ಕೋರಂ ಕ್ಯೂ, 2019ರ 3.8 ಆವೃತ್ತಿಯಿಂದ. ಗ್ರಾಮಸಭೆಗೆ ಕೋರಂ ಬೇಕು ಅನ್ನುತ್ತೇವಲ್ಲ, ಅದೇ ಕೋರಂ. ರಾಫ್ಟ್ ಎಂಬ ಒಪ್ಪಂದದ ವಿಧಾನದಲ್ಲಿ ಒಂದು ನೋಡ್ ಲೀಡರ್ ಆಗುತ್ತದೆ, ಉಳಿದವು ಫಾಲೋಯರ್. ಮೂರರಲ್ಲಿ ಎರಡು ನೋಡ್ ಡಿಸ್ಕಿಗೆ ಬರೆದುಕೊಂಡ ಮೇಲೇ ಸಂದೇಶ ಸೇರಿತು ಅಂತ ಲೆಕ್ಕ. ಒಂದು ನೋಡ್ ಸತ್ತರೆ ಉಳಿದೆರಡು ಕೆಲವೇ ಸೆಕೆಂಡುಗಳಲ್ಲಿ ಹೊಸ ಲೀಡರ್ ಆರಿಸಿಕೊಂಡು ಮುಂದುವರಿಯುತ್ತವೆ. ಎರಡು ಸತ್ತರೆ ಕೋರಂ ಇಲ್ಲದ ಸಭೆಯ ಹಾಗೆ ಕ್ಯೂ ಸುಮ್ಮನಾಗುತ್ತದೆ. ಈ ಸುಮ್ಮನಾಗುವ ಗುಣವೇ ನಮಗೆ ಹೆಚ್ಚು ಹಿಡಿಸಿದ್ದು; ಅರ್ಧಂಬರ್ಧ ನಡೆದು ಸಂದೇಶ ನುಂಗುವುದಕ್ಕಿಂತ ಅದು ಎಷ್ಟೋ ವಾಸಿ.

ಯಂತ್ರದ ಲೆಕ್ಕ ಸರಳ. ಮೂರು ಯಂತ್ರ, ಐದು ಹಾಕಿದರೂ ಸರಿ, ಎರಡು ಮತ್ತು ನಾಲ್ಕು ಬೇಡ. ಎರಡರಲ್ಲಿ ಒಂದು ಹೋದರೆ ಬಹುಮತ ಉಳಿಯುವುದಿಲ್ಲ. ನಾಲ್ಕು ಇದ್ದರೂ ತಡೆದುಕೊಳ್ಳುವುದು ಮೂರರಷ್ಟೇ, ಒಂದೇ ಸಾವು. ಪ್ರತಿಯೊಂದಕ್ಕೂ 4 ಕೋರ್, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರಲಿ. ಕೋರಂ ಕ್ಯೂ ಪ್ರತಿ ಸಂದೇಶವನ್ನೂ ಮೊದಲು ಒಂದು ಲಾಗ್ ಫೈಲಿಗೆ ಬರೆದು ಡಿಸ್ಕಿಗೆ ಒತ್ತುತ್ತದೆ, ಹಾಗಾಗಿ ತಿರುಗುವ ಹಾರ್ಡ್ ಡಿಸ್ಕ್ ಇಲ್ಲಿ ಏದುಸಿರು ಬಿಡುತ್ತದೆ. ಆ ಲಾಗ್‌ನ ಮಿತಿ ಮೂಲದಲ್ಲಿ 512 ಎಂಬಿ. ರ‍್ಯಾಮ್ ಕನಿಷ್ಠ ಅದರ ಮೂರು ಪಟ್ಟು ಕ್ಯೂಗಳಿಗೇ ಮೀಸಲು ಅಂತ ಎಣಿಸಿ. 2 ಜಿಬಿಯ ಅಗ್ಗದ ವಿಎಂ (ವರ್ಚುವಲ್ ಯಂತ್ರ) ಯಾಕೆ ಮೇಲಿಂದ ಮೇಲೆ ಮುಗ್ಗರಿಸುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಮೂರು ವಿಎಂಗಳೂ ಒಂದೇ ಭೌತಿಕ ಯಂತ್ರದ ಮೇಲೆ ಕೂತಿಲ್ಲ ಎಂಬುದನ್ನೂ ಖಾತ್ರಿಮಾಡಿಕೊಳ್ಳಿ.

ಬೆಂಗಳೂರಲ್ಲಿ ಎರಡು, ಮುಂಬೈಯಲ್ಲಿ ಒಂದು ನೋಡ್ ಇಡೋಣ ಎಂಬ ಆಸೆ ಹಲವರಿಗೆ ಬರುತ್ತದೆ. ಬೇಡ. ಈ ಕ್ಲಸ್ಟರ್ ಇರುವುದು ಒಂದೇ ಊರಿನ, ವೇಗದ, ಅಲ್ಲಾಡದ ನೆಟ್‌ವರ್ಕ್‌ಗಾಗಿ. ಊರಿಂದೂರಿಗೆ ಸಂದೇಶ ಸಾಗಿಸಬೇಕಾದರೆ ಎರಡು ಪ್ರತ್ಯೇಕ ಕ್ಲಸ್ಟರ್ ಮಾಡಿ, ನಡುವೆ ಶವಲ್ ಅಥವಾ ಫೆಡರೇಷನ್ ಪ್ಲಗಿನ್ ಹಾಕಿ.

ಇನ್‌ಸ್ಟಾಲ್ ಮಾಡುವಾಗ ಮೊದಲ ಮುಗ್ಗರಿಕೆ ಅರ್ಲಾಂಗ್ ಆವೃತ್ತಿಯದು. 4.0ಗೆ ಅರ್ಲಾಂಗ್ 26.2 ಅಥವಾ ಹೊಸದು ಬೇಕು, ಉಬುಂಟು 22.04ರ ಸ್ವಂತ ಭಂಡಾರದಲ್ಲಿ ಇರುವುದು 24. ಆದ್ದರಿಂದ ರ‍್ಯಾಬಿಟ್‌ಎಂಕ್ಯೂ ತಂಡದ ರೆಪೊಸಿಟರಿಯಿಂದಲೇ ಎರಡನ್ನೂ ತೆಗೆದುಕೊಳ್ಳಿ.

ಎರಡನೆಯದು ಹೋಸ್ಟ್ ಹೆಸರು. ನೋಡ್‌ನ ಗುರುತು 'ರ‍್ಯಾಬಿಟ್@ಹೋಸ್ಟ್‌ಹೆಸರು' ಎಂಬ ರೂಪದಲ್ಲಿರುತ್ತದೆ, ಡೇಟಾ ಡೈರೆಕ್ಟರಿಗೂ ಅದೇ ಹೆಸರು. ಹಾಗಾಗಿ ಎಲ್ಲ ಆದ ಮೇಲೆ ಯಾರೋ ಹೋಸ್ಟ್ ಹೆಸರು ಬದಲಿಸಿ ರೀಬೂಟ್ ಮಾಡಿದರೆ ನೋಡ್ ಹೊಸ ಹೆಸರಿನ ಖಾಲಿ ಡೈರೆಕ್ಟರಿಯೊಂದಿಗೆ ಹಸುಗೂಸಿನ ಹಾಗೆ ಎದ್ದು ಕೂರುತ್ತದೆ. ಡೇಟಾ ಹೋಗಿರುವುದಿಲ್ಲ, ಪಕ್ಕದ ಹಳೆಯ ಡೈರೆಕ್ಟರಿಯಲ್ಲೇ ಬಿದ್ದಿರುತ್ತದೆ. ಹೆಸರನ್ನು ಹಳೆಯದಕ್ಕೆ ಮರಳಿಸಿದರೆ ಎಲ್ಲ ವಾಪಸ್. ಮೂರು ಯಂತ್ರಗಳ ಹೋಸ್ಟ್ಸ್ ಫೈಲಿನಲ್ಲೂ ಮೂರು ಹೆಸರು ಮತ್ತು ಐಪಿ ಬರೆದಿಡುವುದು ಹಳೇ ಕಾಲದ ಪದ್ಧತಿ ಎನಿಸಿದರೂ, ಡಿಎನ್‌ಎಸ್ ಕೆಟ್ಟ ರಾತ್ರಿ ಅದರ ಬೆಲೆ ಗೊತ್ತಾಗುತ್ತದೆ.

ಮೂರನೆಯದು ಅರ್ಲಾಂಗ್ ಕುಕಿ. ಬ್ರೌಸರಿನ ಕುಕಿ ಅಲ್ಲ, ನೋಡ್‌ಗಳ ನಡುವಿನ ಗುಪ್ತಪದ. ಮೊದಲ ನೋಡ್‌ನ ಆ ಫೈಲನ್ನು ಉಳಿದೆರಡಕ್ಕೆ ಅಕ್ಷರಶಃ ನಕಲು ಮಾಡಿ, ಮಾಲೀಕ ರ‍್ಯಾಬಿಟ್‌ಎಂಕ್ಯೂ ಬಳಕೆದಾರ, ಅನುಮತಿ 400 ಎಂದು ಇಟ್ಟು ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು. ಮರೆತರೆ ಲಾಗ್‌ನಲ್ಲಿ 'ಇನ್‌ವ್ಯಾಲಿಡ್ ಚಾಲೆಂಜ್ ರಿಪ್ಲೈ' ಎಂಬ ಸಾಲು ಕಾಣುತ್ತದೆ. ಅದು ಕಂಡರೆ ಬೇರೇನೂ ಹುಡುಕಬೇಡಿ, ಕುಕಿಯೇ.

ಫೈರ್‌ವಾಲ್‌ನಲ್ಲಿ ನೋಡ್‌ಗಳ ನಡುವೆ 4369 ಮತ್ತು 25672, ಆ್ಯಪ್‌ಗಳಿಗೆ 5672 (ಟಿಎಲ್‌ಎಸ್ ಆದರೆ 5671), ಆಡಳಿತಕ್ಕೆ 15672, ನಿಗಾ ಇಡುವ ಪ್ರೊಮಿಥಿಯಸ್ ತಂತ್ರಾಂಶಕ್ಕೆ 15692 ತೆರೆಯಿರಿ. ಮೊದಲೆರಡನ್ನು ಹೊರಗಿನ ಜಗತ್ತಿಗೆ ಎಂದೂ ತೆರೆಯಬೇಡಿ.

ಸೇರಿಸುವ ಕೆಲಸ ನಾಲ್ಕು ಆಜ್ಞೆಗಳದು. ಎರಡನೇ ಮತ್ತು ಮೂರನೇ ನೋಡ್‌ನಲ್ಲಿ ರ‍್ಯಾಬಿಟ್‌ಎಂಕ್ಯೂಸಿಟಿಎಲ್ ಮೂಲಕ ಸ್ಟಾಪ್_ಆ್ಯಪ್, ರೀಸೆಟ್, ಜಾಯಿನ್_ಕ್ಲಸ್ಟರ್ (ಮೊದಲ ನೋಡ್‌ನ ಹೆಸರಿನೊಂದಿಗೆ), ಸ್ಟಾರ್ಟ್_ಆ್ಯಪ್. ರೀಸೆಟ್ ಆ ನೋಡ್‌ನಲ್ಲಿರುವುದನ್ನೆಲ್ಲ ಅಳಿಸುತ್ತದೆ, ಹಾಗಾಗಿ ಯಾವ ಟರ್ಮಿನಲ್‌ನಲ್ಲಿ ಕೂತಿದ್ದೀರಿ ಅಂತ ಎರಡು ಸಲ ನೋಡಿ.

ಕಾನ್ಫಿಗರೇಷನ್ ಫೈಲಿನಲ್ಲಿ ಪಾರ್ಟಿಷನ್ ಹ್ಯಾಂಡ್ಲಿಂಗ್ ಎದುರು 'ಪಾಝ್_ಮೈನಾರಿಟಿ' (pause_minority) ಎಂದು ಬರೆಯಿರಿ. ನೆಟ್‌ವರ್ಕ್ ಒಡೆದು ಒಂದು ನೋಡ್ ಒಂಟಿಯಾದರೆ ಅದು ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಏನೂ ಬರೆಯದಿದ್ದರೆ 'ಇಗ್ನೋರ್', ಅಂದರೆ ಒಡೆದದ್ದು ಒಡೆದೇ ಇರುತ್ತದೆ, ಕೂಡಿಸುವ ಕೆಲಸ ನಿಮ್ಮದು. ಮೆಟಾಡೇಟಾ (ಬಳಕೆದಾರರು, ಕ್ಯೂ ಹೆಸರು ಮುಂತಾದ ವಿವರ) ಇಡಲು ಹಳೆಯ ನೀಸಿಯಾ ಬದಲು ಖೆಪ್ರಿ ಬಳಸಿದರೆ ಈ ಸೆಟ್ಟಿಂಗೇ ಬೇಕಿಲ್ಲ. ಅಲ್ಲೂ ರಾಫ್ಟೇ ಇರುವುದರಿಂದ ಬಹುಮತ ಇರುವ ಕಡೆಗೇ ತೀರ್ಮಾನ.

ಇನ್ನು ಕ್ಯೂ ಬಗೆ. ವರ್ಚುವಲ್ ಹೋಸ್ಟ್ (ಕ್ಯೂಗಳನ್ನು ಬೇರೆಬೇರೆ ಗುಂಪಾಗಿಡುವ ವಿಭಾಗ) ಸೃಷ್ಟಿಸುವಾಗಲೇ ಡೀಫಾಲ್ಟ್ ಕ್ಯೂ ಟೈಪ್ 'ಕೋರಂ' ಎಂದು ಕೊಟ್ಟುಬಿಡಿ, ಆಗ ಡೆವಲಪರ್‌ಗಳ ನೆನಪಿನ ಮೇಲೆ ಅವಲಂಬಿಸಬೇಕಾಗಿಲ್ಲ. ಈಗಾಗಲೇ ಇರುವ ಕ್ಲಾಸಿಕ್ ಕ್ಯೂವಿನ ಬಗೆಯನ್ನು ಬದಲಿಸಲು ಆಗುವುದಿಲ್ಲ. ಅದೇ ಹೆಸರಲ್ಲಿ ಬೇರೆ ಬಗೆ ಕೇಳಿದರೆ 406 ದೋಷ ಬಂದು ಚಾನೆಲ್ (ಆ್ಯಪ್ ಮಾತಾಡುವ ದಾರಿ) ಮುಚ್ಚುತ್ತದೆ. ಹೊಸ ಹೆಸರಿನ ಕ್ಯೂ ಮಾಡಿ, ಹಳೆಯದನ್ನು ಖಾಲಿಯಾಗಲು ಬಿಡುವುದೇ ದಾರಿ.

ಇಲ್ಲಿ ಒಂದು ಗುಂಡಿ ಇದೆ, ಅನುಭವಿಗಳೂ ಬೀಳುತ್ತಾರೆ. ಕೋರಂ ಕ್ಯೂವಿನ ಸದಸ್ಯರು ಯಾರೆಂದು ತೀರ್ಮಾನವಾಗುವುದು ಅದು ಹುಟ್ಟಿದ ಕ್ಷಣದಲ್ಲಿ. ಮೊದಲ ನೋಡ್ ಒಂದೇ ಇದ್ದಾಗ ಆ್ಯಪ್ ಓಡಿಸಿ ನೋಡಿದ್ದರೆ ಆ ಕ್ಯೂಗೆ ಒಬ್ಬನೇ ಸದಸ್ಯ. ಆಮೇಲೆ ಎರಡು ನೋಡ್ ಸೇರಿಸಿದರೂ ಅವು ತಾವಾಗಿ ಸದಸ್ಯರಾಗುವುದಿಲ್ಲ. ಹೆಸರು ಕೋರಂ, ಸಭೆಯಲ್ಲಿ ಒಬ್ಬನೇ. 'ರ‍್ಯಾಬಿಟ್‌ಎಂಕ್ಯೂ-ಕ್ಯೂಸ್ ಗ್ರೋ' ಆಜ್ಞೆಯನ್ನು ಹೊಸ ನೋಡ್‌ನ ಹೆಸರು ಮತ್ತು 'ಆಲ್' ಎಂಬ ಪದದೊಂದಿಗೆ ಕೊಟ್ಟರೆ ಸರಿಹೋಗುತ್ತದೆ. ಪ್ರತಿ ಕ್ಯೂಗೆ ಮೂವರು ಸದಸ್ಯರಿದ್ದಾರೆಯೇ ಎಂದು ಮ್ಯಾನೇಜ್‌ಮೆಂಟ್ ಪುಟದಲ್ಲಿ ಕಣ್ಣಾರೆ ನೋಡಿ.

ಇಷ್ಟು ಮಾಡಿದರೂ ಆ್ಯಪ್ ಕಡೆ ಪಬ್ಲಿಷರ್ ಕನ್ಫರ್ಮ್ (ಸಂದೇಶ ಸೇರಿತು ಎಂದು ಸರ್ವರ್ ಕೊಡುವ ಖಾತ್ರಿ) ಹಾಕದಿದ್ದರೆ ನೀರಲ್ಲಿ ಹೋಮ. ಸಂದೇಶ ಸಾಕೆಟ್‌ಗೆ ಬಿದ್ದ ಕೂಡಲೇ ಆ್ಯಪ್ ಕೈತೊಳೆದುಕೊಳ್ಳುತ್ತದೆ, ಅದೇ ಹೊತ್ತಿಗೆ ನೋಡ್ ಸತ್ತರೆ ಸಂದೇಶ ಎಲ್ಲೂ ಇಲ್ಲ. ಕನ್ಫರ್ಮ್ ಬರುವ ತನಕ ಆ್ಯಪ್ ಅದನ್ನು ಇಟ್ಟುಕೊಂಡಿರಬೇಕು, ಬಾರದಿದ್ದರೆ ಮತ್ತೆ ಕಳಿಸಬೇಕು. ತೆಗೆದುಕೊಳ್ಳುವ ಕಡೆ ಕೈಯಾರೆ ಆ್ಯಕ್ (ಕೆಲಸ ಮುಗಿದ ಮೇಲೆ ಕೊಡುವ ಸ್ವೀಕೃತಿ) ಇರಬೇಕು. ಮತ್ತೆ ಕಳಿಸುವ ವ್ಯವಸ್ಥೆ ಇದ್ದಲ್ಲಿ ಒಂದೇ ಸಂದೇಶ ಎರಡು ಸಲ ಬರುವುದೂ ಇದ್ದದ್ದೇ. ಒಬ್ಬರಿಗೇ ಎರಡು ಓಟಿಪಿ ಹೋಗಬಾರದಾದರೆ ಸಂದೇಶದ ಐಡಿಯನ್ನು ಡೇಟಾಬೇಸಿನಲ್ಲಿ ಗುರುತುಹಾಕಿಕೊಳ್ಳಿ. ಜಾವಾ ಲೈಬ್ರರಿ ಕಡಿದ ಕನೆಕ್ಷನ್ ಅನ್ನು ತಾನೇ ಜೋಡಿಸಿಕೊಳ್ಳುತ್ತದೆ; ಪೈಥಾನಿನ ಪೀಕಾ ಜೋಡಿಸಿಕೊಳ್ಳುವುದಿಲ್ಲ, ಆ ಕೋಡ್ ನೀವೇ ಬರೆಯಬೇಕು.

4.0ರಿಂದ ಇನ್ನೊಂದು ಸದ್ದಿಲ್ಲದ ಬದಲಾವಣೆ: ಕೋರಂ ಕ್ಯೂನಲ್ಲಿ ಡೆಲಿವರಿ ಮಿತಿ 20. ಒಂದು ಸಂದೇಶ ಮತ್ತೆಮತ್ತೆ ವಾಪಸ್ ಬಂದು ಆ ಮಿತಿ ದಾಟಿದರೆ ಅದು ಡೆಡ್ ಲೆಟರ್ ಕ್ಯೂಗೆ, ಅಂದರೆ ವಿಲೇವಾರಿಯಾಗದ ಸಂದೇಶಗಳನ್ನು ಎತ್ತಿಡುವ ಕ್ಯೂಗೆ, ಹೋಗುತ್ತದೆ. ಡೆಡ್ ಲೆಟರ್ ಹೊಂದಿಸಿರದಿದ್ದರೆ ಕಸದ ಬುಟ್ಟಿಗೆ. ಎಸ್ಸೆಮ್ಮೆಸ್ ಗೇಟ್‌ವೇ ಹತ್ತು ನಿಮಿಷ ಕೆಟ್ಟು, ಕನ್ಸ್ಯೂಮರ್ (ಸಂದೇಶ ತೆಗೆದುಕೊಳ್ಳುವ ಆ್ಯಪ್) ಪ್ರತಿ ಸಂದೇಶವನ್ನೂ ತಕ್ಷಣ ವಾಪಸ್ ಹಾಕುತ್ತಾ ಕೂತರೆ 20ರ ಲೆಕ್ಕ ಕ್ಷಣದಲ್ಲಿ ಮುಗಿಯುತ್ತದೆ. ಮಿತಿ ಇರಿಸಿದ್ದು ಸರಿಯೇ, ಆದರೆ ಡೆಡ್ ಲೆಟರ್ ಇಲ್ಲದಾಗಲೂ ಎಸೆಯುವುದು ನಮ್ಮ ಪ್ರಕಾರ ಕೆಟ್ಟ ಆಯ್ಕೆ.

ದೂರು ಇನ್ನೂ ಒಂದಿದೆ: ಡಿಸ್ಕ್ ಮಿತಿ. ಡಿಸ್ಕಿನಲ್ಲಿ 50 ಎಂಬಿ ಉಳಿಯುವ ತನಕ ಅಲಾರಂ ಬಾರಿಸುವುದಿಲ್ಲ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಕನಿಷ್ಠ ರ‍್ಯಾಮ್‌ನಷ್ಟು ಜಾಗ ಉಳಿದಿರುವಾಗಲೇ ಬಾರಿಸುವಂತೆ ಬದಲಿಸಿ. ಮೆಮೊರಿ ಮಿತಿ 4.0ರಲ್ಲಿ ರ‍್ಯಾಮ್‌ನ ಶೇ. 60; ಅದು ಸರಿಯಾಗಿದೆ. ಗಮನಿಸಬೇಕಾದ್ದು, ಅಲಾರಂ ಒಂದೇ ನೋಡ್‌ನಲ್ಲಿ ಬಾರಿಸಿದರೂ ಇಡೀ ಕ್ಲಸ್ಟರ್‌ನಲ್ಲಿ ಸಂದೇಶ ಹಾಕುವವರೆಲ್ಲ ನಿಲ್ಲುತ್ತಾರೆ. ಒಂದು ಯಂತ್ರದ ಲಾಗ್ ಫೈಲ್ ಊದಿಕೊಂಡು ಮೂರೂ ಯಂತ್ರ ಮೌನವಾಗುವುದು ಹೀಗೆಯೇ. ಆದ್ದರಿಂದ ಡೇಟಾಗೆ ಬೇರೆ ಡಿಸ್ಕ್ ಕೊಡಿ.

ಕ್ಲಸ್ಟರ್ ಎದುರಿಗೆ ಎಚ್‌ಎಪ್ರಾಕ್ಸಿ (ಕನೆಕ್ಷನ್‌ಗಳನ್ನು ನೋಡ್‌ಗಳಿಗೆ ಹಂಚುವ ಪ್ರಾಕ್ಸಿ) ಇಡುವವರು ಟೈಮ್‌ಔಟ್ ನೋಡಿಕೊಳ್ಳಿ. ವೆಬ್‌ಸೈಟ್‌ಗೆ ಬರೆದ 30 ಸೆಕೆಂಡಿನ ಕ್ಲೈಂಟ್ ಟೈಮ್‌ಔಟನ್ನೇ ನಕಲು ಮಾಡಿದರೆ ಕನೆಕ್ಷನ್‌ಗಳು ವಿನಾಕಾರಣ ಕಡಿಯುತ್ತವೆ. ರ‍್ಯಾಬಿಟ್‌ಎಂಕ್ಯೂ ಹಾರ್ಟ್‌ಬೀಟ್ (ಕನೆಕ್ಷನ್ ಜೀವಂತವಿದೆಯೇ ಎಂದು ನೋಡುವ ಮಿಡಿತ) ಮೂಲದಲ್ಲಿ 60 ಸೆಕೆಂಡು, ಮಿಡಿತ ಹೊರಡುವುದು ಸುಮಾರು ಅದರ ಅರ್ಧಕ್ಕೊಮ್ಮೆ, ಅಂದರೆ ಸರಿಸುಮಾರು ಪ್ರಾಕ್ಸಿ ಕತ್ತರಿ ಹಾಕುವ ಹೊತ್ತಿಗೇ. ಕ್ಲೈಂಟ್ ಮತ್ತು ಸರ್ವರ್ ಟೈಮ್‌ಔಟ್ ಎರಡನ್ನೂ ಗಂಟೆಗಳ ಲೆಕ್ಕದಲ್ಲಿಡಿ. ಪ್ರಾಕ್ಸಿಯೇ ಒಂಟಿಯಾಗಿದ್ದರೆ ಮೂರು ನೋಡ್ ಇದ್ದೂ ವ್ಯರ್ಥ. ಎರಡು ಪ್ರಾಕ್ಸಿ, ನಡುವೆ ಕೀಪ್‌ಅಲೈವ್ಡ್ (ಒಂದು ಸತ್ತರೆ ಇನ್ನೊಂದಕ್ಕೆ ವಿಳಾಸ ದಾಟಿಸುವ ತಂತ್ರಾಂಶ) ಇರಲಿ. ಇಲ್ಲವೇ ಮೂರೂ ವಿಳಾಸಗಳನ್ನು ಆ್ಯಪ್‌ಗೇ ಕೊಟ್ಟುಬಿಡಿ. ಸಣ್ಣ ವ್ಯವಸ್ಥೆಗೆ ನಮಗೆ ಎರಡನೆಯದೇ ಇಷ್ಟ.

ಅಪ್‌ಗ್ರೇಡ್ ಒಂದೊಂದೇ ನೋಡ್‌ನಂತೆ ಮಾಡಬಹುದು, ಸೇವೆ ನಿಲ್ಲಿಸಬೇಕಿಲ್ಲ. ಮುಟ್ಟುವ ಮುನ್ನ 'ಚೆಕ್_ಇಫ್_ನೋಡ್_ಈಸ್_ಕೋರಂ_ಕ್ರಿಟಿಕಲ್' ಓಡಿಸಿದರೆ, ಈ ನೋಡ್ ತೆಗೆದರೆ ಯಾವುದಾದರೂ ಕ್ಯೂ ಬಹುಮತ ಕಳೆದುಕೊಳ್ಳುತ್ತದೆಯೇ ಎಂದು ಹೇಳುತ್ತದೆ. ಆಮೇಲೆ 'ಡ್ರೇನ್' (ನೋಡ್‌ನ ಹೊರೆ ಇಳಿಸುವ ಆಜ್ಞೆ), ರೀಸ್ಟಾರ್ಟ್, ಮುಂದಿನ ನೋಡ್. ಮೂರೂ ಮುಗಿದಾಗ ಲೀಡರ್‌ಗಳೆಲ್ಲ ಒಂದೆರಡು ನೋಡ್‌ಗಳಲ್ಲೇ ಗುಂಪಾಗಿರುತ್ತಾರೆ. 'ರೀಬ್ಯಾಲೆನ್ಸ್ ಕೋರಂ' ಕೊಟ್ಟು ಹಂಚಿ. 3ನೇ ಸರಣಿಯಿಂದ ಬರುವವರು 3.13 ತಲುಪಿ, ಎಲ್ಲ ಸ್ಟೇಬಲ್ ಫೀಚರ್ ಫ್ಲ್ಯಾಗ್‌ಗಳನ್ನು (ಹೊಸ ಸೌಲಭ್ಯಗಳ ಸ್ವಿಚ್‌ಗಳು) ಆನ್ ಮಾಡಿದ ಮೇಲೇ 4.0ಗೆ ಹೋಗಬೇಕು.

ಒಪ್ಪಿಸುವ ಮುನ್ನ ಮೂರು ಪರೀಕ್ಷೆ ಮಾಡಿ, ಅದೂ ಸಂದೇಶ ಹರಿಯುತ್ತಿರುವಾಗಲೇ. ಲೀಡರ್ ನೋಡ್‌ನ ಪ್ರೊಸೆಸ್ಸನ್ನು ಕಿಲ್ -9 ಕೊಟ್ಟು ಕೊಲ್ಲಿ. ಒಂದು ನೋಡ್‌ನಲ್ಲಿ 25672 ಪೋರ್ಟನ್ನು ಎರಡೂ ದಿಕ್ಕಿನಿಂದ ಐಪಿಟೇಬಲ್ಸ್‌ನಲ್ಲಿ ಡ್ರಾಪ್ ಮಾಡಿ. ಡಿಸ್ಕಿಗೆ ದೊಡ್ಡ ಫೈಲೊಂದನ್ನು ತುಂಬಿ ಅಲಾರಂ ಬಾರಿಸಿ. ಎರಡನೆಯದರಲ್ಲಿ ತಾಳ್ಮೆ ಬೇಕು: ಪ್ಯಾಕೆಟ್ ಸುಮ್ಮನೆ ಮಾಯವಾದಾಗ ಆಚೆಯವನು ಸತ್ತನೆಂದು ಅರ್ಲಾಂಗ್ ನಂಬಲು ಮೂಲ ಸೆಟ್ಟಿಂಗ್‌ನಲ್ಲಿ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಹತ್ತು ಸೆಕೆಂಡಿಗೇ 'ಪಾಝ್_ಮೈನಾರಿಟಿ ಕೆಲಸ ಮಾಡುತ್ತಿಲ್ಲ' ಎಂದು ಷರಾ ಬರೆದುಬಿಡಬೇಡಿ. ಪರೀಕ್ಷೆಯ ಕೊನೆಗೆ ಕನ್ಫರ್ಮ್ ಸಿಕ್ಕ ಸಂದೇಶಗಳನ್ನೂ ಕನ್ಸ್ಯೂಮರ್ ಪಡೆದ ಬೇರೆಬೇರೆ ಐಡಿಗಳನ್ನೂ ಎಣಿಸಿ. ಕನ್ಫರ್ಮ್ ಸಿಕ್ಕ ಪ್ರತಿಯೊಂದೂ ಎರಡನೇ ಪಟ್ಟಿಯಲ್ಲಿರಬೇಕು. ಆ ಪಟ್ಟಿಯಲ್ಲಿ ಒಂದೆರಡು ಹೆಚ್ಚಿದ್ದರೆ ಅಡ್ಡಿಯಿಲ್ಲ, ಅವು ಕನ್ಫರ್ಮ್ ದಾರಿಯಲ್ಲೇ ಕಳೆದುಹೋದವು. ಒಂದೇ ಒಂದು ಕಡಿಮೆಯಾದರೂ ಕ್ಯೂ ಬಗೆಯಿಂದ ಶುರುಮಾಡಿ ಮತ್ತೆ ನೋಡಿ.