ಒಂದೇ ಟಾರ್ಕ್ ಟೂಲ್‌ನಿಂದ ಎಲ್ಲ ಸ್ಕ್ರೂ ಬಿಗಿಸಿ ಹಾಳಾದ ನನ್ನ ಸ್ಕೋಪ್

ಏರ್ ರೈಫಲ್‌ಗೆ ಹೊಸ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಕೂರಿಸಿಕೊಳ್ಳಲು ಅಂಗಡಿಗೆ ಹೊರಟಿರುವವರು ದಯವಿಟ್ಟು ಇದನ್ನು ಓದಿಕೊಂಡು ಹೋಗಿ. "ಟಾರ್ಕ್ ಟೂಲ್‌ನಲ್ಲೇ ಬಿಗಿ ಮಾಡಿಕೊಡುತ್ತೇವೆ" ಎಂದು ಅಂಗಡಿಯವರು ಹೇಳಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಸ್ಕ್ರೂವನ್ನು ನಿಗದಿತ ಬಿಗಿತಕ್ಕಷ್ಟೇ ತಿರುಗಿಸುವ ಆ ಟೂಲ್ ಎಷ್ಟರ ಅಳತೆಯದು, ಅದನ್ನು ಯಾವ ಸ್ಕ್ರೂಗೆ ಬಳಸುತ್ತೀರಿ ಎಂದು ಕೇಳಿ. ನಾನು ಕೇಳಲಿಲ್ಲ. 14 ಸಾವಿರ ರೂಪಾಯಿ ಕೊಟ್ಟು ಕೊಂಡ ಸ್ಕೋಪ್ ಒಂದೇ ತಿಂಗಳಲ್ಲಿ ಕೆಲಸಕ್ಕೆ ಬಾರದಂತಾಯಿತು.

ನಾನು ತುಮಕೂರಿನಲ್ಲಿ ಪಾಠ ಹೇಳುವವನು. ಭಾನುವಾರಗಳಂದು ಗುಬ್ಬಿಯ ಕಡೆ ಇರುವ ಭಾವನವರ ತೆಂಗಿನ ತೋಟದಲ್ಲಿ, ಎತ್ತರದ ಮಣ್ಣಿನ ದಿಬ್ಬದ ಮುಂದೆ ಕಾಗದದ ಗುರಿ ನಿಲ್ಲಿಸಿ, 25 ಮೀಟರ್ ದೂರದಿಂದ ಅಭ್ಯಾಸ ಮಾಡುತ್ತೇನೆ. ನನ್ನದು 4.5 ಮಿ.ಮೀ. ಕೊಳವೆಯ ಸ್ಪ್ರಿಂಗ್ ರೈಫಲ್. ಕಳೆದ ಸಂಕ್ರಾಂತಿ ಮುಗಿದ ವಾರ ಸ್ಕೋಪ್ ಮತ್ತು ಅದನ್ನು ಹಿಡಿದಿಡುವ ಎರಡು ರಿಂಗ್‌ಗಳನ್ನು ಒಂದೇ ಅಂಗಡಿಯಲ್ಲಿ ಕೊಂಡು, ಅಲ್ಲೇ ಕೂರಿಸಿಕೊಡುವಂತೆ ಕೇಳಿದೆ. ಕೆಲಸದ ಹುಡುಗ ಸ್ಕ್ರೂಡ್ರೈವರ್‌ನಂತಿದ್ದ ಒಂದು ಉಪಕರಣ ತೆಗೆದ. ಅದರೊಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಕಾರ್ಖಾನೆಯಲ್ಲೇ ನಿಗದಿ ಮಾಡಿದ ಬಿಗಿತ ಬಂದೊಡನೆ "ಕಟಕ್" ಎಂದು ಜಾರಿ, ಅದಕ್ಕಿಂತ ಹೆಚ್ಚು ತಿರುಗಿಸಲು ಬಿಡುವುದಿಲ್ಲ. ರಿಂಗ್‌ಗಳ ಮೇಲುಮುಚ್ಚಳದ ಎಂಟು ಸ್ಕ್ರೂಗಳಿಗೂ ರೈಫಲ್ ಮೇಲಿನ ಲೋಹದ ಹಳಿಯನ್ನು (ರೈಲು) ಕಚ್ಚುವ ಪಕ್ಕದ ನಾಲ್ಕು ಸ್ಕ್ರೂಗಳಿಗೂ ಅವನು ಸ್ಕ್ರೂ ಸಡಿಲವಾಗದಂತೆ ಹಿಡಿದಿಡುವ ನೀಲಿ ಬಣ್ಣದ ಲಾಕಿಂಗ್ ದ್ರವ ಹಚ್ಚಿ, ಹನ್ನೆರಡನ್ನೂ ಅದೇ ಟೂಲ್‌ನಿಂದ ಕಟಕ್ ಎನ್ನಿಸಿದ. ಹಿಡಿಕೆಯ ಮೇಲೆ 25 ಎಂದು ಬರೆದಿತ್ತು. ಕೆಲವು ಸ್ಕ್ರೂಗಳಿಗೆ ಎರಡೆರಡು ಬಾರಿ ಸದ್ದು ಬಂದಿತು. ರಿಂಗ್‌ನ ಡಬ್ಬಿಯಲ್ಲಿದ್ದ ಕಾಗದ ಮಡಿಕೆ ಬಿಚ್ಚದೆ ಗಲ್ಲಾದ ಪಕ್ಕದಲ್ಲೇ ಬಿದ್ದಿತ್ತು. ಪುಣ್ಯಕ್ಕೆ ಅದನ್ನು ಜೇಬಿಗೆ ಹಾಕಿಕೊಂಡು ಬಂದೆ.

ಮೊದಲ ಭಾನುವಾರ ಪೆಲೆಟ್‌ಗಳು (ಏರ್ ರೈಫಲ್‌ನ ಸಣ್ಣ ಗುಂಡುಗಳು) ಗುರಿಯಿಂದ ಬಲಕ್ಕೆ ಬೀಳುತ್ತಿದ್ದವು. ಗುರಿಯನ್ನು ಅತ್ತಿತ್ತ ಸರಿಸಲು ಸ್ಕೋಪ್‌ನ ಪಕ್ಕದಲ್ಲಿರುವ ತಿರುಗುಗುಂಡಿಯನ್ನು (ಟರೆಟ್) ಹನ್ನೆರಡು ಕ್ಲಿಕ್ ತಿರುಗಿಸಿದೆ. ನನ್ನ ಸ್ಕೋಪ್‌ನಲ್ಲಿ ಒಂದು ಕ್ಲಿಕ್ ಎಂದರೆ ಕಾಲು ಎಂಓಎ (ಕೋನದ ಒಂದು ಸಣ್ಣ ಅಳತೆ). 25 ಮೀಟರ್ ದೂರದಲ್ಲಿ ಅದು ಸುಮಾರು 1.8 ಮಿ.ಮೀ. ಆಗುತ್ತದೆ. ಹನ್ನೆರಡು ಕ್ಲಿಕ್‌ಗೆ ಎರಡು ಸೆಂಟಿಮೀಟರ್‌ಗಿಂತ ಹೆಚ್ಚೇ ಸರಿಯಬೇಕಿತ್ತು. ಬೆರಳಿಗೆ ಕ್ಲಿಕ್ ಸ್ಪಷ್ಟವಾಗಿ ತಿಳಿಯುತ್ತಿದ್ದರೂ ಮುಂದಿನ ಎರಡು ಪೆಲೆಟ್‌ಗಳು ಹಳೆಯ ರಂಧ್ರದ ಪಕ್ಕದಲ್ಲೇ ಬಿದ್ದವು. ಮೂರನೆಯದು ಇದ್ದಕ್ಕಿದ್ದಂತೆ ಮೂರು ಸೆಂಟಿಮೀಟರ್ ಎಡಕ್ಕೆ ಹಾರಿತು. ಉಸಿರಿನ ತಪ್ಪು, ಹಿಡಿತದ ತಪ್ಪು ಎಂದು ನನ್ನನ್ನೇ ತಿದ್ದಿಕೊಳ್ಳುತ್ತಾ ಮೂರು ವಾರ ಕಳೆದೆ. ನಾಲ್ಕನೆಯ ವಾರ ಒಂದು ಪೆಲೆಟ್ ದಿಬ್ಬದ ಅಂಚನ್ನೇ ಸವರಿಕೊಂಡು ಹೋಗಿ ಹಿಂದಿನ ತೆಂಗಿನ ಮರದ ಬುಡಕ್ಕೆ ಬಡಿಯಿತು. ಆ ಸಾಲಿನ ಆಚೆ ಆಳುಗಳು ಕಾಯಿ ಆಯುವ ದಿನಗಳೂ ಇರುತ್ತವೆ. ಅಂದು ಯಾರೂ ಇರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಅಲ್ಲಿಗೆ ರೈಫಲ್ ಕಟ್ಟಿಟ್ಟು ಮನೆಗೆ ಬಂದೆ.

ನಮ್ಮ ಬೀದಿಯಲ್ಲಿ, ಈಗ ಮುಚ್ಚಿಹೋಗಿರುವ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದ ಹಿರಿಯರೊಬ್ಬರಿದ್ದಾರೆ. ಸಾಸಿವೆಯಷ್ಟು ಸಣ್ಣ ಸ್ಕ್ರೂಗಳೊಡನೆ ಬದುಕು ಕಳೆದವರು. ಅವರ ಮನೆಯ ಮೇಜಿನ ಮೇಲೆ ರೈಫಲ್ ಇಟ್ಟಾಗ, ಮೊದಲು ಅದು ಖಾಲಿಯಿದೆಯೇ, ಸ್ಪ್ರಿಂಗ್ ಎಳೆದಿಲ್ಲವೇ ಎಂದು ಎರಡು ಬಾರಿ ನೋಡಿಸಿ, ಆಮೇಲೆಯೇ ಅಲೆನ್ ಕೀ ಕೈಗೆತ್ತಿಕೊಂಡರು. ಹಿಂದಿನ ರಿಂಗ್‌ನ ಮುಚ್ಚಳ ತೆಗೆದಾಗ ಕಪ್ಪು ಟ್ಯೂಬ್‌ನ ಮೇಲೆ ಎರಡು ಹೊಳೆಯುವ ಗೆರೆಗಳು ಕಂಡವು. ಅವರು ಗೆರೆಗೆ ಅಡ್ಡಲಾಗಿ ಉಗುರು ಎಳೆದು, ನನ್ನ ಕೈಯಲ್ಲೂ ಎಳೆಸಿದರು. ಉಗುರು ತಡೆದು ನಿಂತಿತು. ನಂತರ ಮೈಕ್ರೋಮೀಟರ್ ಹಿಡಿದರು. ರಿಂಗ್ ಕೂತಿದ್ದ ಜಾಗದಲ್ಲಿ ಅಡ್ಡಲಾಗಿ 25.40 ಮಿ.ಮೀ., ಮೇಲಿಂದ ಕೆಳಕ್ಕೆ 25.22. ರಿಂಗ್‌ನಿಂದ ಒಂದು ಬೆರಳು ಆಚೆ ಎರಡೂ ಕಡೆ 25.40.

"ಮೇಷ್ಟ್ರೇ, ಈ ಪೈಪನ್ನ ಹಿಂಡಿಬಿಟ್ಟವ್ರೆ. ಇದು ಇನ್ನು ದುಂಡಗಿಲ್ಲ" ಎಂದರು.

ಕೂದಲೆಳೆಯಷ್ಟು ಅಳತೆಯಿಂದ ಏನಾದೀತು ಎಂದು ನಿಮಗೂ ಅನಿಸಬಹುದು, ನನಗೂ ಅನಿಸಿತ್ತು. ಸ್ಕೋಪ್‌ನ ಹೊರ ಟ್ಯೂಬ್ ತೆಳುವಾದ ಅಲ್ಯೂಮಿನಿಯಂ. ಅದರೊಳಗೆ ಇನ್ನೊಂದು ಸಣ್ಣ ಟ್ಯೂಬ್ ಇದ್ದು, ಒಂದು ತುದಿಯಲ್ಲಿ ಕೀಲಿನಂತೆ ನಿಂತು, ಸ್ಪ್ರಿಂಗ್‌ನ ಒತ್ತಡದಿಂದ ಟರೆಟ್‌ನ ತಿರುಪಿಗೆ ಆನಿಕೊಂಡಿರುತ್ತದೆ. ನಾವು ಟರೆಟ್ ತಿರುಗಿಸಿದಾಗ ಸರಿಯುವುದು ಈ ಒಳ ಟ್ಯೂಬ್. ಹೊರಗಿನದನ್ನು ಹಿಂಡಿದರೆ ಒಳಗಿನದು ಸಿಕ್ಕಿಕೊಳ್ಳುತ್ತದೆ. ಕ್ಲಿಕ್ ಸದ್ದು ಮಾತ್ರ ಕೇಳಿಸುತ್ತದೆ, ಟ್ಯೂಬ್ ಕದಲುವುದಿಲ್ಲ. ಒಂದೆರಡು ಹೊಡೆತಗಳ ಅದುರುವಿಕೆಗೆ ಅದು ಬಿಡಿಸಿಕೊಂಡಾಗ ಗುರಿ ಒಮ್ಮೆಲೇ ಹಾರುತ್ತದೆ. ನನ್ನ ಮೂರನೆಯ ಪೆಲೆಟ್‌ಗೆ ಆದದ್ದು ಇದೇ.

ಜೇಬಿನಲ್ಲಿ ತಂದಿದ್ದ ಕಾಗದವನ್ನು ಅಂದು ಬಿಚ್ಚಿ ಓದಿದೆವು. ನನ್ನ ರಿಂಗ್‌ನ ತಯಾರಕರು ಮೇಲುಮುಚ್ಚಳದ ಸ್ಕ್ರೂಗಳಿಗೆ 15 ಇಂಚು-ಪೌಂಡ್ (ಬಿಗಿತ ಅಳೆಯುವ ಮಾನ), ಪಕ್ಕದ ಸ್ಕ್ರೂಗಳಿಗೆ 35 ಇಂಚು-ಪೌಂಡ್ ಎಂದು ಬರೆದಿದ್ದರು. ಅಂಗಡಿಯಲ್ಲಿ ಎರಡಕ್ಕೂ 25 ಹಾಕಿದ್ದರು. ಹಾಗಾಗಿ ಮೇಲೆ ಟ್ಯೂಬ್ ನಜ್ಜಾಯಿತು, ಕೆಳಗೆ ಹಿಡಿತ ಸಾಲದೆ ಇಡೀ ಜೋಡಣೆಯೇ ರೈಲಿನ ಮೇಲೆ ಹಿಂದಕ್ಕೆ ಜರುಗಿತ್ತು. ಹಳೆಯ ಗುರುತಿಗೂ ಹೊಸ ಜಾಗಕ್ಕೂ ಮೂರು ಮಿ.ಮೀ. ಅಂತರವಿತ್ತು. ಸ್ಪ್ರಿಂಗ್ ರೈಫಲ್‌ನಲ್ಲಿ ಈ ಜರುಗುವಿಕೆಗೆ ವಿಶೇಷ ಕಾರಣವಿದೆ. ಒಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಅದು ಮುಂದಿನ ತುದಿ ಮುಟ್ಟಿ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಸ್ಕೋಪ್‌ಗೆ ಒಂದೇ ಹೊಡೆತದಲ್ಲಿ ಎರಡೂ ದಿಕ್ಕಿನ ಏಟು. ಸ್ಕೋಪ್ ಕೊಳ್ಳುವಾಗ ಅದನ್ನು ಸ್ಪ್ರಿಂಗ್ ಏರ್ ರೈಫಲ್‌ಗೆಂದೇ ಮಾಡಿದ್ದಾರೆಯೇ ಎಂದು ನೋಡಬೇಕಾದದ್ದೂ ಇದಕ್ಕಾಗಿಯೇ.

ಲಾಕಿಂಗ್ ದ್ರವವೂ ಕೆಡಿಸಿತ್ತು. ಸ್ಕ್ರೂ ತಿರುಗಿಸಲು ನಾವು ಹಾಕುವ ಬಲದಲ್ಲಿ ಬಹುಪಾಲು, ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು, ಸ್ಕ್ರೂವಿನ ತಲೆಯಡಿಯ ಮತ್ತು ಥ್ರೆಡ್‌ನ ತಿಕ್ಕಾಟಕ್ಕೇ ಹೋಗುತ್ತದೆ. ಉಳಿದದ್ದಷ್ಟೇ ಮುಚ್ಚಳವನ್ನು ಒತ್ತುತ್ತದೆ. ಥ್ರೆಡ್‌ಗೆ ಎಣ್ಣೆಯೋ ಹಸಿ ಲಾಕಿಂಗ್ ದ್ರವವೋ ತಾಗಿದರೆ ತಿಕ್ಕಾಟ ಕಡಿಮೆಯಾಗಿ, ಅದೇ ಕಟಕ್ ಸದ್ದಿಗೆ ಒತ್ತಡ ಹೆಚ್ಚಾಗುತ್ತದೆ. 25ರ ಟೂಲ್ 15ಕ್ಕಿಂತ ಮೂರನೇ ಎರಡು ಪಾಲು ಜಾಸ್ತಿ ಬಿಗಿ ಮಾಡಿತ್ತು. ಅದರ ಮೇಲೆ ಈ ಜಾರುವಿಕೆಯೂ ಸೇರಿತು.

ಸ್ಕೋಪ್ ಅನ್ನು ಅಂಗಡಿಗೆ ಒಯ್ದು ತೋರಿಸಿದಾಗ, ಟ್ಯೂಬ್‌ನ ಮೇಲೆ ರಿಂಗ್‌ನ ಗುರುತು ಬಿದ್ದಿದ್ದರೆ ವಾರಂಟಿ ಸಿಗುವುದಿಲ್ಲ ಎಂದರು. ಆ ಗುರುತು ಅವರ ಕೈಯಿಂದಲೇ ಬಿದ್ದದ್ದು ಎಂದು ಸಾಧಿಸಲು ನನ್ನ ಬಳಿ ಫೋಟೋ ಇರಲಿಲ್ಲ, ಬಿಲ್ಲಿನಲ್ಲಿ ಜೋಡಣೆಯ ಉಲ್ಲೇಖವೂ ಇರಲಿಲ್ಲ. ನೀವು ಜೋಡಣೆ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಬರೆಸಿ, ಹಾಕಿದ ಅಳತೆಯನ್ನೂ ಬರೆಸಿ.

ಈಗ ನನ್ನ ಬಳಿ 15 ಮತ್ತು 35ರ ಎರಡು ಪ್ರತ್ಯೇಕ ಟೂಲ್‌ಗಳಿವೆ. ಹಿರಿಯರು ಅವನ್ನೂ ಸುಮ್ಮನೆ ನಂಬಲಿಲ್ಲ. ಟೂಲ್‌ನ ಬಿಟ್ ಅನ್ನು ವೈಸ್‌ನಲ್ಲಿ ಅಡ್ಡಡ್ಡ ಕಚ್ಚಿಸಿ, ಹಿಡಿಕೆಗೆ ಉದ್ದನೆಯ ಉಕ್ಕಿನ ಪಟ್ಟಿಯನ್ನು ಎರಡೂ ಬದಿಗೆ ಸಮನಾಗಿ ಚಾಚುವಂತೆ ಕಟ್ಟಿ, ದಿನಸಿ ಅಂಗಡಿಯ ಒಂದು ಕೆ.ಜಿ. ತೂಕದ ಕಲ್ಲನ್ನು ದಾರದಲ್ಲಿ ತೂಗುಬಿಟ್ಟು, ನಡುವಿನಿಂದ ಮೆಲ್ಲಮೆಲ್ಲನೆ ಹೊರಕ್ಕೆ ಸರಿಸುತ್ತಾ ಹೋದರು. 15 ಇಂಚು-ಪೌಂಡ್ ಎಂದರೆ ಒಂದು ಕೆ.ಜಿ. ತೂಕವನ್ನು 17.3 ಸೆಂ.ಮೀ. ದೂರದಲ್ಲಿ ತೂಗುಹಾಕಿದಷ್ಟು. ದಾರ 17ನ್ನು ದಾಟುತ್ತಿದ್ದಂತೆ ಪಟ್ಟಿ ಕಟಕ್ ಎಂದು ವಾಲಿತು.

ಅಳತೆಯ ಮಾನದ ಬಗ್ಗೆಯೂ ಎಚ್ಚರವಿರಲಿ. ಒಂದು ನ್ಯೂಟನ್-ಮೀಟರ್ ಎಂದರೆ 8.85 ಇಂಚು-ಪೌಂಡ್, ಒಂದು ಫುಟ್-ಪೌಂಡ್ ಎಂದರೆ 12 ಇಂಚು-ಪೌಂಡ್. ಬರೀ 15 ಎಂಬ ಅಂಕಿ ನೋಡಿ ಗ್ಯಾರೇಜಿನ ರೆಂಚ್ ಹಿಡಿದರೆ ಕಟಕ್ ಎನ್ನುವ ಮೊದಲೇ ಸ್ಕ್ರೂ ತುಂಡಾಗುತ್ತದೆ. ನನ್ನ ಅಂಕಿಗಳನ್ನೂ ನಿಮ್ಮ ರಿಂಗ್‌ಗೆ ಹಾಕಬೇಡಿ. ನಿಮ್ಮ ರಿಂಗ್‌ನ ಮತ್ತು ಸ್ಕೋಪ್‌ನ ತಯಾರಕರು ಹೇಳಿದ್ದರಲ್ಲಿ ಕಡಿಮೆಯದನ್ನೇ ಮುಚ್ಚಳಕ್ಕೆ ಹಿಡಿಯಿರಿ. ಥ್ರೆಡ್‌ಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ, ಮುಚ್ಚಳದ ಎರಡೂ ಬದಿಯ ಸಂದು ಸಮನಾಗಿರುವಂತೆ ಅಡ್ಡಮೂಲೆಯಾಗಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಬಂದು, ಕೊನೆಯ ಬಿಗಿತಕ್ಕೆ ಮಾತ್ರ ಟೂಲ್ ಹಿಡಿದು ನಿಧಾನವಾಗಿ ಒಮ್ಮೆ ಕಟಕ್ ಎನ್ನಿಸಿ ಕೈ ಬಿಡಿ.

ಈಗಾಗಲೇ ಅಂಗಡಿಯಲ್ಲಿ ಕೂರಿಸಿಕೊಂಡು ಬಂದವರು ಸುರಕ್ಷಿತವಾದ, ಅಗಲವಾದ ದಿಬ್ಬದ ಮುಂದೆ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಒಂದೇ ಚುಕ್ಕೆಗೆ ಗುರಿಯಿಟ್ಟು ಮೊದಲ ಮೂರು ಪೆಲೆಟ್ ಹೊಡೆಯಿರಿ. ಇಪ್ಪತ್ತು ಕ್ಲಿಕ್ ಮೇಲಕ್ಕೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಕ್ಕೆ, ಇಪ್ಪತ್ತು ಎಡಕ್ಕೆ ತಿರುಗಿಸುತ್ತಾ, ಪ್ರತಿ ಸಲವೂ ಅದೇ ಚುಕ್ಕೆಗೆ ಗುರಿಯಿಟ್ಟು ಮೂರು ಮೂರು ಹೊಡೆಯಿರಿ. ಕಾಗದದ ಮೇಲೆ ಒಂದು ಚೌಕ ಮೂಡಿ, ಕೊನೆಯ ಮೂರು ಪೆಲೆಟ್‌ಗಳು ಮೊದಲ ಮೂರರ ಜಾಗಕ್ಕೇ ಮರಳಬೇಕು. ಮರಳದಿದ್ದರೆ ಅಂದಿಗೆ ಅಭ್ಯಾಸ ನಿಲ್ಲಿಸಿ, ರೈಫಲ್ ಖಾಲಿ ಮಾಡಿ, ಹಿಂದಿನ ರಿಂಗ್‌ನ ಮುಚ್ಚಳವನ್ನು ಮೊದಲು ಬಿಚ್ಚಿ ನೋಡಿ.